ನಾಯಿಮರಿಯ ಬಾಯಿಗೆ ಏನು ಕೊಡೋದು? ರಬ್ಬರ್, ಹಗ್ಗ, ಬಿಳಿ ಬೋನ್, ಛುರ್ಪಿ: ಒಂದು ಹೋಲಿಕೆ

ಪೆಟ್ ಶಾಪ್‌ಗೆ ಹೋಗಿ "ಮರಿ ಎಲ್ಲಾ ಕಡಿದು ಹಾಕ್ತಿದೆ, ಏನಾದ್ರೂ ಕೊಡಿ" ಅಂತ ಕೇಳಿ ನೋಡಿ. ಮೊದಲು ಕೈಗೆ ಬರುವುದು ಎರಡೂ ತುದಿಗೆ ಗಂಟು ಹಾಕಿದ ಬಿಳಿ ಬೋನ್. ಆಮೇಲೆ ಬಣ್ಣಬಣ್ಣದ ಹಗ್ಗ. ಜೊತೆಗೆ ಒಂದು ಮಾತು: "ಇದು ತುಂಬಾ ದಿನ ಬರುತ್ತೆ." ದುಡ್ಡು ಕೊಡುವವರಿಗೂ ಅದೇ ಬೇಕು. ವಾರಕ್ಕೊಂದು ಆಟಿಕೆ ತರುವುದು ಯಾರಿಗೆ ಇಷ್ಟ?

ಆದರೆ ಮರಿಯ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ತುಂಬಾ ದಿನ ಬಾಳುವ ಆಟಿಕೆ ಅಂದರೆ ಸಾಮಾನ್ಯವಾಗಿ ತುಂಬಾ ಗಟ್ಟಿ ಆಟಿಕೆ. ಸೋಲಬೇಕಾದದ್ದು ಆಟಿಕೆ, ಹಲ್ಲಲ್ಲ. ಅಂಗಡಿಯಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಸಾಮಾನು ತಾನಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತದೆ.

ಮರಿ ಯಾಕೆ ಕಡಿಯುತ್ತೆ?

ಹಲ್ಲು ಬರುತ್ತಿರುವುದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಮರಿಗೆ ಸುಮಾರು 3 ವಾರ ಆದಾಗ ಹಾಲುಹಲ್ಲು ಮೂಡಲು ಶುರು. 8 ವಾರದ ಹೊತ್ತಿಗೆ 28 ಹಾಲುಹಲ್ಲೂ ಬಂದಿರುತ್ತವೆ. ಸೂಜಿಯಷ್ಟು ಚೂಪು. ಮೂರೂವರೆ, ನಾಲ್ಕು ತಿಂಗಳಿಗೆ ಮುಂದಿನ ಸಣ್ಣ ಹಲ್ಲುಗಳು ಬೀಳತೊಡಗುತ್ತವೆ. ಕೋರೆಹಲ್ಲು ಆಮೇಲೆ. ಆರೇಳು ತಿಂಗಳಿಗೆ 42 ದೊಡ್ಡ ಹಲ್ಲುಗಳ ಸೆಟ್ ಪೂರ್ತಿ. ಈ ನಡುವಿನ ತಿಂಗಳುಗಳಲ್ಲಿ ಒಸಡು ಊದಿ ನವೆಯಾಗುತ್ತದೆ, ಏನನ್ನಾದರೂ ಒತ್ತಿ ಕಡಿದರೆ ಹಾಯ್ ಅನಿಸುತ್ತದೆ. ಆಟಿಕೆಯ ಮೇಲೆ ಒಂದೆರಡು ಹನಿ ರಕ್ತ, ನೆಲದ ಮೇಲೆ ಅಕ್ಕಿ ಕಾಳಿನಂಥ ಹಲ್ಲು ಕಂಡರೆ ಗಾಬರಿ ಬೇಡ. ಬಹಳಷ್ಟು ಹಲ್ಲನ್ನು ಮರಿ ನುಂಗಿಯೇ ಬಿಡುತ್ತದೆ, ಅದರಿಂದ ತೊಂದರೆ ಇಲ್ಲ. ಪಾಮೇರಿಯನ್, ಶಿಟ್ಜೂನಂಥ ಸಣ್ಣ ತಳಿಗಳಲ್ಲಿ ಮಾತ್ರ ಒಂದು ಕಣ್ಣಿಡಿ: ಹಳೆ ಕೋರೆಹಲ್ಲು ಬೀಳದೆ ಅದರ ಪಕ್ಕದಲ್ಲೇ ಹೊಸದು ಎದ್ದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಹಲ್ಲಿನಾಚೆಗೂ ಕಾರಣಗಳಿವೆ. ಮರಿಗೆ ಕೈಯಿಲ್ಲ. ಮಗು ಮುಟ್ಟಿ ನೋಡುವುದನ್ನು ಅದು ಬಾಯಲ್ಲಿ ಹಿಡಿದು ನೋಡುತ್ತದೆ. ಬೇಜಾರಾದರೂ ಕಡಿಯುತ್ತದೆ, ಒಂಟಿಯಾಗಿ ಬಿಟ್ಟರೂ ಕಡಿಯುತ್ತದೆ. ಚಪ್ಪಲಿ ಎತ್ತಿಕೊಂಡು ಓಡಿದರೆ ಮನೆಯವರೆಲ್ಲ ಹಿಂದೆ ಓಡುತ್ತಾರೆ ಅಂತ ಗೊತ್ತಾದ ಮೇಲಂತೂ ಅದಕ್ಕಿಂತ ಒಳ್ಳೆ ಆಟ ಇನ್ನೊಂದಿಲ್ಲ. ಇನ್ನೊಂದು ಕಾರಣ ಹಲವರಿಗೆ ಹೊಳೆಯುವುದೇ ಇಲ್ಲ: ನಿದ್ದೆ ಸಾಲದಿರುವುದು. ಮರಿ ದಿನಕ್ಕೆ 18 ಗಂಟೆಯ ಆಸುಪಾಸು ಮಲಗಬೇಕು. ಸಂಜೆ ಏಳೆಂಟರ ಹೊತ್ತಿಗೆ ಹುಚ್ಚು ಹಿಡಿದ ಹಾಗೆ ಪ್ಯಾಂಟು, ಪಾದ ಎಲ್ಲಾ ಕಚ್ಚುವ ಮರಿಗೆ ಎಷ್ಟೋ ಸಲ ಬೇಕಿರುವುದು ಆಟಿಕೆಯಲ್ಲ, ದೀಪ ಆರಿಸಿದ ಒಂದು ಮೂಲೆ.

ಏಳು ತಿಂಗಳಿಗೆ ಹಲ್ಲು ಬಂದು ಮುಗಿಯಿತು, ಇನ್ನು ಕಡಿಯಲ್ಲ ಅಂದುಕೊಳ್ಳಬೇಡಿ. ಹರೆಯದ ನಾಯಿ ವರ್ಷ ತುಂಬುವ ತನಕವೂ ಜೋರಾಗಿಯೇ ಕಡಿಯುತ್ತದೆ. ಆಗ ದವಡೆಯ ಬಲವೂ ಜಾಸ್ತಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಹೆಬ್ಬೆರಳಿನ ಉಗುರನ್ನು ಆಟಿಕೆಗೆ ಒತ್ತಿ. ಸ್ವಲ್ಪವಾದರೂ ಅದುಮಿ, ಗುರುತು ಬಿದ್ದರೆ ಸರಿ. ಉಗುರೇ ನೋಯುತ್ತಿದ್ದರೆ ಆ ಸಾಮಾನು ಮರಿಗೆ ಬೇಡ. ಪ್ರಾಣಿಗಳ ಹಲ್ಲಿನ ಡಾಕ್ಟರುಗಳು ಹೇಳುವ ಇನ್ನೊಂದು ಉಪಾಯವೂ ಇದೆ: ಇದರಿಂದ ನಿಮ್ಮ ಮೊಣಕಾಲ ಚಿಪ್ಪಿಗೆ ಹೊಡೆದರೆ ಜೀವ ಹೋಗುವಷ್ಟು ನೋಯುತ್ತಾ? ಹೌದಾದರೆ ವಾಪಸ್ ಇಡಿ.

ಇದಕ್ಕೆ ಕಾರಣ ಇದೆ. ನಾಯಿ ಗಟ್ಟಿ ವಸ್ತುವನ್ನು ಮುಂದಿನ ಹಲ್ಲಲ್ಲಿ ಅಲ್ಲ, ಬಾಯಿಯ ಪಕ್ಕಕ್ಕೆ ತಳ್ಳಿ ಮೇಲಿನ ದೊಡ್ಡ ದವಡೆಹಲ್ಲಿನಲ್ಲಿ ಕಡಿಯುತ್ತದೆ. ಕಡಿದ ವಸ್ತು ಬಗ್ಗದಿದ್ದರೆ ಆ ಹಲ್ಲಿನ ಹೊರಮೈ ಚಪ್ಪಡಿಯಾಗಿ ಎದ್ದು ಬರುತ್ತದೆ. ಒಳಗಿನ ನರ ತೆರೆದುಕೊಂಡರೆ ಹಲ್ಲು ಕೀಳಬೇಕು, ಇಲ್ಲವೇ ರೂಟ್ ಕೆನಾಲ್ ಮಾಡಿಸಬೇಕು. ಅದೂ ಪೂರ್ತಿ ಅರಿವಳಿಕೆ ಕೊಟ್ಟು. ಹೊಸದಾಗಿ ಬಂದ ಹಲ್ಲಿನ ಗೋಡೆ ತೆಳು, ಒಳಗಿನ ನರದ ಜಾಗ ಅಗಲ. ಅಂದರೆ ಐದರಿಂದ ಏಳೆಂಟು ತಿಂಗಳ ಮರಿಗೆ ಅಪಾಯ ಜಾಸ್ತಿ.

ಗಾತ್ರವೂ ಮುಖ್ಯ. ಆಟಿಕೆ ಪೂರ್ತಿ ಬಾಯೊಳಗೆ ಹೋಗಿ ಕೋರೆಹಲ್ಲಿನ ಹಿಂದಕ್ಕೆ ದಾಟುವಂತಿರಬಾರದು. ಲ್ಯಾಬ್ರಡಾರ್ ಮರಿಗೆ ಎರಡನೇ ತಿಂಗಳಲ್ಲಿ ಸರಿಯಾಗಿದ್ದ ಚೆಂಡು ಐದನೇ ತಿಂಗಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ. ಮರಿ ಬೆಳೆಯುತ್ತೆ, ಚೆಂಡು ಬೆಳೆಯಲ್ಲ.

ಪ್ಯಾಕೆಟ್ ಮೇಲಿನ "ಸೇಫ್", "ನಾನ್ ಟಾಕ್ಸಿಕ್" ಅನ್ನುವ ಮಾತನ್ನು ಎಷ್ಟು ನಂಬಬಹುದು? ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಆ ನಿಯಮ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ನಾಯಿಯ ಆಟಿಕೆ ಅದರೊಳಗೆ ಬರುವುದಿಲ್ಲ. ಹಾಗಾಗಿ ಮೂಗನ್ನೇ ನಂಬಿ. ಹೊಸ ಆಟಿಕೆ ಸೀಮೆಎಣ್ಣೆಯಂತೆಯೋ ಬಣ್ಣದಂತೆಯೋ ಗಮ್ಮಂತ ವಾಸನೆ ಹೊಡೆದರೆ, ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಬಿಟ್ಟರೆ, ಎಷ್ಟು ಅಗ್ಗವಾದರೂ ಬೇಡ.

ರಬ್ಬರ್: ಮೊದಲ ಆಯ್ಕೆ

ಒಂದೇ ಆಟಿಕೆ ಕೊಳ್ಳುವಷ್ಟು ದುಡ್ಡಿದ್ದರೆ ಒಳಗೆ ಟೊಳ್ಳಿರುವ, ನೈಸರ್ಗಿಕ ರಬ್ಬರಿನ ಆಟಿಕೆ ತನ್ನಿ. ಇದರಲ್ಲಿ ಹೆಸರಾದದ್ದು ಕಾಂಗ್. ಅದರ ಹುಟ್ಟಿನ ಕಥೆಯೂ ನಮ್ಮ ವಿಷಯಕ್ಕೆ ಹೊಂದುತ್ತದೆ. ಅಮೆರಿಕದ ಕೊಲರಾಡೋದಲ್ಲಿ ಜೋ ಮಾರ್ಕಮ್ ಅನ್ನುವವರ ಬಳಿ ಫ್ರಿಟ್ಜ್ ಅಂತ ಒಂದು ಜರ್ಮನ್ ಶೆಫರ್ಡ್ ಇತ್ತು. ಕಲ್ಲು ಕಡಿದು ಕಡಿದು ಹಲ್ಲು ಸವೆಸಿಕೊಂಡಿತ್ತು. ಒಂದು ದಿನ ಅವರು ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಾ ತೆಗೆದೆಸೆದ ಭಾಗಗಳ ನಡುವೆ ಸಸ್ಪೆನ್ಷನ್ನಿನ ಒಂದು ರಬ್ಬರ್ ತುಂಡಿತ್ತು. ನಾಯಿ ಕಲ್ಲು ಬಿಟ್ಟು ಅದಕ್ಕೆ ಗಂಟು ಬಿತ್ತು. ಅಲ್ಲಿಂದ 1976ರಲ್ಲಿ ಕಂಪನಿ ಶುರುವಾಯಿತು. ಇವತ್ತಿಗೂ ಆ ಆಟಿಕೆಯ ಆಕಾರ ಒಂದರ ಮೇಲೊಂದು ಕೂತ ಮೂರು ಗುಂಡುಗಳಂತೆಯೇ ಇದೆ. ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಗೊತ್ತಾಗಲ್ಲ, ಮರಿಗೆ ಅದೇ ಮಜಾ.

ಕಾಂಗ್ ಕೊಳ್ಳುವಾಗ ಬಣ್ಣ ನೋಡಿ. ತಿಳಿ ನೀಲಿ ಮತ್ತು ಗುಲಾಬಿ ಮರಿಗಳಿಗೆ, ಮೆತ್ತಗಿನ ರಬ್ಬರ್. ಕೆಂಪು ಬೆಳೆದ ನಾಯಿಗೆ. ಕಪ್ಪು ಎಲ್ಲಕ್ಕಿಂತ ಗಟ್ಟಿ, ಕಡಿಯುವುದರಲ್ಲಿ ಉಸ್ತಾದ್ ಆಗಿರುವ ನಾಯಿಗೆ. "ಹೇಗಿದ್ರೂ ಬೆಳೆಯುತ್ತಲ್ಲ" ಅಂತ ಮರಿಗೇ ಕಪ್ಪು ತಂದಿಡುವವರಿದ್ದಾರೆ. ಮರಿ ಅದನ್ನು ಎರಡು ಸಲ ಮೂಸಿ ಸೋಫಾದ ಕಡೆ ಹೋಗುತ್ತದೆ. ಬೇರೆ ಕಂಪನಿಯ ಅಗ್ಗದ ರಬ್ಬರ್ ಆಟಿಕೆಯೂ ನಡೆಯುತ್ತದೆ, ಆದರೆ ತೂತು ಎಷ್ಟಿದೆ ನೋಡಿ. ಎರಡು ಕಡೆ ತೂತಿರಬೇಕು. ಒಂದೇ ತೂತಿದ್ದರೆ ಒಳಗೆ ನಾಲಿಗೆ ಹಾಕಿ ನೆಕ್ಕುವಾಗ ಗಾಳಿ ಎಳೆದುಕೊಂಡು ನಾಲಿಗೆ ಸಿಕ್ಕಿಬೀಳಬಹುದು. ನಾಲಿಗೆಗೆ ರಕ್ತ ಓಡದಂತಾದರೆ ಅದು ಸಣ್ಣ ವಿಷಯವಲ್ಲ.

ಒಳಗೆ ಏನು ತುಂಬೋದು? ಯೂಟ್ಯೂಬ್ ನೋಡಿದರೆ ಎಲ್ಲರೂ ಪೀನಟ್ ಬಟರ್ ಅನ್ನುತ್ತಾರೆ. ಕೆಲವು ಪೀನಟ್ ಬಟರ್‌ಗಳಲ್ಲಿ ಸಕ್ಕರೆಯ ಬದಲು ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಗೆ ವಿಷ. ಲೇಬಲ್ ಓದದೆ ಕೊಡಬೇಡಿ. ನಮ್ಮ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯದು ದಿನಾ ಇರುತ್ತದೆ: ಮೊಸರನ್ನ. ಮೆತ್ತಗೆ ಬೆಂದ ಅನ್ನ, ಹುಳಿಯಿಲ್ಲದ ಮೊಸರು, ಅಷ್ಟೇ. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ ಬೇಡವೇ ಬೇಡ. ಚೆನ್ನಾಗಿರುತ್ತೆ ಅಂತ ಮೊಸರನ್ನಕ್ಕೆ ದ್ರಾಕ್ಷಿ ಹಾಕುವ ಮನೆಯವರು ಮರಿಯ ಪಾಲನ್ನು ಮೊದಲೇ ಎತ್ತಿಡಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ. ಸಣ್ಣ ತೂತಿಗೆ ಒಂದು ಬೀಟ್‌ರೂಟ್ ಚೂರು ಒತ್ತಿ ಮುಚ್ಚಿ, ಮೇಲಿಂದ ಮೊಸರನ್ನ ತುಂಬಿ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. ತಣ್ಣಗೆ ಬಿಗಿಯಾದ ಮೇಲೆ, ಗಾಳಿಯಾಡಲು ಆ ಚೂರನ್ನು ತೆಗೆದು ಕೊಟ್ಟರೆ ಒಸಡಿಗೂ ಹಿತ, ಮರಿ ಅರ್ಧ ಗಂಟೆ ಒಂದೇ ಕಡೆ ಕೂತಿರುತ್ತದೆ. ತೆಳುವಾದ ಉಪ್ಪಿಲ್ಲದ ರಾಗಿ ಗಂಜಿಯೂ ಆಗುತ್ತದೆ. ಅಂದಹಾಗೆ ಆ ಅರ್ಧ ಗಂಟೆ ನೆಲದ ಮೇಲೆ ಒಂದು ಹಳೆ ಪೇಪರ್ ಹಾಸಿರಿ. ಬೀಟ್‌ರೂಟ್ ಕಲೆ ಬಿಳಿ ಟೈಲ್ಸ್ ಮೇಲೆ ಹಾಗೇ ಉಳಿಯುತ್ತೆ.

ರಬ್ಬರಿನ ಒಂದೇ ತೊಂದರೆ ತೊಳೆಯುವುದು. ಒಳಗೆ ಉಳಿದ ಅನ್ನ ಮಾರನೇ ದಿನಕ್ಕೆ ನಾರುತ್ತದೆ. ಬಾಟಲ್ ತೊಳೆಯುವ ಬ್ರಷ್ ಒಂದನ್ನು ಇದಕ್ಕೇ ಅಂತ ಇಡಿ.

ಹಗ್ಗ, ಬಟ್ಟೆ ಗೊಂಬೆ, ಚೆಂಡು

ಹಗ್ಗ ಎಳೆದಾಡುವ ಆಟಕ್ಕೆ ಒಳ್ಳೆಯದು, ಕಡಿಯಲು ಬಿಟ್ಟು ಹೋಗಲು ಅಲ್ಲ. ಮರಿ ಒಂದೊಂದೇ ಎಳೆ ಕಿತ್ತು ನುಂಗುತ್ತದೆ. ಎಳೆಯ ಒಂದು ತುದಿ ನಾಲಿಗೆ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಲ್ಲಿ ಮುಂದೆ ಹೋದರೆ, ಲಂಗದ ಲಾಡಿ ಎಳೆದ ಹಾಗೆ ಕರುಳು ನೆರಿಗೆಗಟ್ಟುತ್ತದೆ. ಬಿಗಿಯಾದ ದಾರ ಕರುಳನ್ನು ಕೊಯ್ಯಲೂಬಹುದು. ಆಪರೇಷನ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಹಗ್ಗದ ಒಂದು ತುದಿ ಯಾವಾಗಲೂ ನಿಮ್ಮ ಕೈಯಲ್ಲಿರಲಿ. ಆಟ ಮುಗಿದ ಮೇಲೆ ಕಪಾಟಿನೊಳಗೆ. ತುದಿ ಬಿಚ್ಚಿಕೊಂಡು ಕುಚ್ಚಾದರೆ ಕಸಕ್ಕೆ.

ಒತ್ತಿದರೆ ಪೀ ಪೀ ಅನ್ನುವ ಬಟ್ಟೆ ಗೊಂಬೆಯದ್ದೂ ಇದೇ ಕಥೆ. ಮರಿಗೆ ಆ ಸದ್ದು ಎಲ್ಲಿಂದ ಬರುತ್ತೆ ಅಂತ ಕುತೂಹಲ. ಹೊಟ್ಟೆ ಬಗೆದು ಪ್ಲಾಸ್ಟಿಕ್ ಪೀಪಿಯನ್ನು ಹೊರಗೆ ತೆಗೆದು ನುಂಗುತ್ತದೆ. ಮಲಗುವಾಗ ತಲೆ ಇಟ್ಟುಕೊಳ್ಳಲು ಬಟ್ಟೆ ಗೊಂಬೆ ಬೇಕೆನ್ನುವ ಶಾಂತ ಮರಿಗಳೂ ಇವೆ. ನಿಮ್ಮದು ಯಾವುದು ಅಂತ ನೋಡಿಕೊಂಡು ಕೊಡಿ. ಹೊಲಿದ ಗುಂಡಿ ಕಣ್ಣುಗಳನ್ನು ಮೊದಲೇ ಕತ್ತರಿಸಿ ತೆಗೆಯಿರಿ.

ಗಲ್ಲಿ ಕ್ರಿಕೆಟ್ಟಿನ ಹಳೆ ಟೆನಿಸ್ ಬಾಲ್ ಪುಕ್ಕಟೆ ಸಿಗುತ್ತದೆ, ಹಾಗಾಗಿ ಎಲ್ಲರ ಮನೆಯಲ್ಲೂ ಇದೆ. ಎಸೆದು ತರಿಸಲು ಪರವಾಗಿಲ್ಲ. ಕೂತು ಅಗಿಯಲು ಬೇಡ. ಅದರ ಜುಂಗು ಮಣ್ಣು ಹಿಡಿದ ಮೇಲೆ ಉಪ್ಪುಕಾಗದದ ಕೆಲಸ ಮಾಡಿ ಹಲ್ಲನ್ನು ಸವೆಸುತ್ತದೆ. ದೊಡ್ಡ ತಳಿಯ ನಾಯಿ ಅದನ್ನು ಕಡಿದು ಅರ್ಧ ಮಾಡಿ ನುಂಗಲೂಬಹುದು.

ಬಿಳಿ ಬೋನ್ ಅಂದರೆ ಮೂಳೆಯಲ್ಲ

ಅಂಗಡಿಯ ಗಂಟಿನ ಬೋನ್ ರಾಹೈಡ್. ಅಂದರೆ ದನ, ಎಮ್ಮೆಯ ಚರ್ಮದ ಒಳಪದರ. ಸುಣ್ಣದಲ್ಲಿ ಹಾಕಿ ಕೂದಲು ತೆಗೆದು, ಬಿಳಿ ಮಾಡಿ, ಸುತ್ತಿ ಒಣಗಿಸಿದ್ದು. ಒಂದನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ನೋಡಿ. ಗಂಟು ಬಿಚ್ಚಿಕೊಂಡು, ಊದಿ, ಕೈಗೆ ಲೋಳೆ ಲೋಳೆಯಾಗಿ ಸಿಗುವ ಉದ್ದನೆಯ ಹಾಳೆಯಾಗಿರುತ್ತದೆ. ಎಳೆದರೂ ಹರಿಯಲ್ಲ. ಮರಿಯ ಗಂಟಲಲ್ಲಿ, ಹೊಟ್ಟೆಯಲ್ಲಿ ಆಗುವುದೂ ಇದೇ. ನಿಧಾನಕ್ಕೆ ಅಗಿಯುವ ನಾಯಿಗೆ ಏನೂ ಆಗದೆ ವರ್ಷಗಟ್ಟಲೆ ಕಳೆಯಬಹುದು. ಆದರೆ ಮರಿಗಳು ನಿಧಾನಸ್ಥರಲ್ಲ. ತುದಿ ಮೆತ್ತಗಾದ ಕೂಡಲೇ ಗಬಕ್ ಅಂತ ನುಂಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಅಂಗಡಿಯ ಅತಿ ಜನಪ್ರಿಯ ಸಾಮಾನು ಇದೇ, ಮರಿಗೆ ಅತಿ ಅನವಶ್ಯಕವಾದದ್ದೂ ಇದೇ.

ಹಾಗಾದರೆ ನಿಜವಾದ ಮೂಳೆ? ಭಾನುವಾರದ ಬಿರಿಯಾನಿ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಮರಿಯ ಮುಂದೆ ಸುರಿಯುವುದು ನಮ್ಮಲ್ಲಿ ರೂಢಿ. "ನಮ್ಮ ಅಜ್ಜಿ ಮನೆ ನಾಯಿ ಅದನ್ನೇ ತಿಂದು ಹದಿನೈದು ವರ್ಷ ಬದುಕಿತ್ತು" ಅನ್ನುವ ಮಾತೂ ಬರುತ್ತೆ. ಬದುಕಿರಬಹುದು. ಆದರೆ ಬೆಂದ ಮೂಳೆ ಒಣಗಿ ಪೆಡಸಾಗುತ್ತದೆ, ಕಡಿದರೆ ಚೂಪು ಚೂರುಗಳಾಗಿ ಸೀಳುತ್ತದೆ. ಕೋಳಿ ಮೂಳೆಯಂತೂ ಸೂಜಿಯಂತೆ ಸೀಳುತ್ತದೆ. ಜೊತೆಗೆ ಮಸಾಲೆ, ಈರುಳ್ಳಿ. ಪ್ಯಾಕೆಟ್ಟಿನಲ್ಲಿ ಬರುವ ಹೊಗೆಯಾಡಿಸಿದ ಮೂಳೆಗಳೂ ಇದಕ್ಕಿಂತ ಭಿನ್ನವಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇಂಥವುಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಹಸಿ ಮೂಳೆ ಸೀಳುವುದು ಕಡಿಮೆ, ಆದರೆ ಅದರ ಮೇಲಿನ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಮರಿಗೂ ಮನೆಯ ಮಕ್ಕಳಿಗೂ ಅಂಟಬಹುದು, ಗಟ್ಟಿಯಂತೂ ಗಟ್ಟಿಯೇ.

ಛುರ್ಪಿ, ಕಾಫಿ ಕಟ್ಟಿಗೆ, ನೈಲಾನ್

ಇತ್ತೀಚೆಗೆ ಎಲ್ಲಾ ಕಡೆ ಕಾಣುವುದು ಛುರ್ಪಿ. ನೇಪಾಳ ಮತ್ತು ಹಿಮಾಲಯದ ಕಡೆಯವರು ಯಾಕ್, ಹಸುವಿನ ಹಾಲು ಒಡೆಸಿ, ಒತ್ತಿ, ಕಲ್ಲಿನಂತಾಗುವ ತನಕ ಒಣಗಿಸಿ ಮಾಡುವ ಚೀಸ್. ಅಲ್ಲಿ ಜನರೇ ಅದನ್ನು ಬಾಯಲ್ಲಿಟ್ಟು ಗಂಟೆಗಟ್ಟಲೆ ಚೀಪುತ್ತಾರೆ. ಒಳಗಿರುವ ಪದಾರ್ಥ ಒಳ್ಳೆಯದೇ, ಜೀರ್ಣವೂ ಆಗುತ್ತದೆ. ತಕರಾರು ಇರುವುದು ಗಟ್ಟಿತನದ ಬಗ್ಗೆ. ಉಗುರಿನ ಪರೀಕ್ಷೆಯಲ್ಲಿ ಅದು ಪಾಸಾಗುವುದಿಲ್ಲ. ಹಲ್ಲೆಲ್ಲ ಬಂದು, ವರ್ಷ ತುಂಬಿ, ಕಡಿಯುವುದಕ್ಕಿಂತ ನೆಕ್ಕುವುದೇ ಜಾಸ್ತಿ ಅನ್ನುವ ನಾಯಿಗೆ ಬೇಕಾದರೆ ಕೊಡಿ. ಕೊನೆಯಲ್ಲಿ ಉಳಿಯುವ ಹೆಬ್ಬೆರಳು ಗಾತ್ರದ ತುಂಡನ್ನು ನುಂಗಲು ಬಿಡಬಾರದು. ಅದನ್ನು ನೀರಲ್ಲಿ ನೆನೆಸಿ ಮೈಕ್ರೋವೇವ್‌ನಲ್ಲಿಟ್ಟರೆ ಸಂಡಿಗೆಯಂತೆ ಅರಳಿ ಹಗುರಾಗುತ್ತದೆ. ಚೆನ್ನಾಗಿ ಆರಿದ ಮೇಲೆ ಕೊಡಬಹುದು. ಮರಿಗೂ ಛುರ್ಪಿಯ ರುಚಿ ತೋರಿಸಬೇಕಿದ್ದರೆ ಹೀಗೆ ಅರಳಿಸಿದ್ದೇ ಸರಿ.

ಕಾಫಿ ಗಿಡದ ಕಾಂಡ ಕತ್ತರಿಸಿ ಮಾಡಿದ ಕಟ್ಟಿಗೆಯೂ ಮಾರಾಟಕ್ಕಿದೆ. ಚೂಪಾಗಿ ಸೀಳುವುದಿಲ್ಲ, ನಾರಾಗಿ ಬಿಡುತ್ತದೆ ಅನ್ನುವುದು ಮಾರುವವರ ಮಾತು. ಕಾಫಿ ಗಿಡದ ಬುಡಕ್ಕೆ ಕತ್ತಿ ಹಾಕಿದ ಕೊಡಗು, ಚಿಕ್ಕಮಗಳೂರಿನವರನ್ನು ಕೇಳಿದರೆ ಅದು ಎಷ್ಟು ಗಟ್ಟಿ ಅಂತ ಹೇಳುತ್ತಾರೆ. ದೊಡ್ಡ ನಾಯಿಗೂ ನಾನು ಯೋಚಿಸಿ ಕೊಡುತ್ತೇನೆ. ಬೀದಿಯಿಂದ ಎತ್ತಿ ತಂದ ಕೋಲು ಬೇಡ, ಅದರಲ್ಲೂ ಕಣಗಿಲೆಯದ್ದು. ಕಣಗಿಲೆಯ ಎಲೆ, ಕೊಂಬೆ ಎಲ್ಲವೂ ಹೃದಯಕ್ಕೆ ವಿಷ, ಹೂವಿಗಾಗಿ ಅದನ್ನು ಮನೆ ಮುಂದೆ ನೆಟ್ಟವರು ಬಹಳ. ಎಳನೀರು ಬುರುಡೆ ಮರಿಗೆ ಭಾರಿ ಖುಷಿ ಕೊಡುತ್ತದೆ ನಿಜ. ನಾರನ್ನು ಕಿತ್ತು ಉಗುಳುವ ಮರಿಯಾದರೆ ಐದು ನಿಮಿಷ ಕಣ್ಣೆದುರು ಆಡಲಿ, ನುಂಗುವ ಮರಿಯಾದರೆ ಬೇಡ. ತೆಂಗಿನ ಕರಟ ಯಾರಿಗೂ ಬೇಡ.

ಗಟ್ಟಿ ನೈಲಾನ್ ಬೋನ್, ಜಿಂಕೆ ಕೊಂಬು, ಗೊರಸು ಇವೆಲ್ಲ ಉಗುರಿನ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ಮರಿಗೆಂದೇ ಮಾಡಿದ ಮೆತ್ತನೆಯ ನೈಲಾನ್ ಇದ್ದರೆ ಒತ್ತಿ ನೋಡಿ ತನ್ನಿ.

ಅಡುಗೆಮನೆಯಲ್ಲೇ ಇರುವುದು

ಫ್ರಿಜ್ಜಿನಲ್ಲಿಟ್ಟ ದಪ್ಪ ಇಡೀ ಕ್ಯಾರೆಟ್. ಹಲ್ಲು ಬೀಳುವ ವಯಸ್ಸಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಸಾಮಾನು ನನಗೆ ಗೊತ್ತಿಲ್ಲ. ಬೆರಳುದ್ದ ಉಳಿದಾಗ ತೆಗೆದುಕೊಂಡುಬಿಡಿ. ಒದ್ದೆ ಮಾಡಿ ಹಿಂಡಿ ತಣ್ಣಗಾಗಿಸಿದ ಟರ್ಕಿ ಟವಲ್ಲಿನ ತುಂಡೂ ಆಗುತ್ತದೆ, ಆದರೆ ಹಗ್ಗದ ನಿಯಮವೇ ಅದಕ್ಕೂ. ಐಸ್ ಕ್ಯೂಬ್ ಮಾತ್ರ ಕೊಡಬೇಡಿ, ಅದೂ ಹಲ್ಲು ಮುರಿಯುವಷ್ಟು ಗಟ್ಟಿ.

ಹಳೆ ಚಪ್ಪಲಿ, ಹಳೆ ಸಾಕ್ಸ್ ಕೊಡುವುದು ಉಳಿತಾಯದಂತೆ ಕಾಣುತ್ತದೆ. ಬಾಟಾದ ಹಳೆ ಚಪ್ಪಲಿಗೂ ಮದುವೆಗೆಂದು ತಂದ ಹೊಸ ಚಪ್ಪಲಿಗೂ ವ್ಯತ್ಯಾಸ ನಮಗೆ ಗೊತ್ತು, ಮರಿಗೆ ಗೊತ್ತಿಲ್ಲ. ಎರಡರಲ್ಲೂ ನಿಮ್ಮದೇ ವಾಸನೆ. ಬೇಡದ್ದನ್ನು ಕಚ್ಚಿದಾಗ ಬೈದು ಕಿತ್ತುಕೊಳ್ಳುವ ಬದಲು ಬೇಕಾದ್ದನ್ನು ಮೂಗಿನ ಮುಂದೆ ಹಿಡಿದು ಅದಲುಬದಲು ಮಾಡಿಕೊಳ್ಳಿ. ಕಿತ್ತುಕೊಳ್ಳುತ್ತಾ ಹೋದರೆ ಮರಿ ಸಿಕ್ಕಿದ್ದನ್ನು ಗಬಕ್ಕನೆ ನುಂಗಲು ಕಲಿಯುತ್ತದೆ. ಕುರ್ಚಿ ಕಾಲಿಗೆ ಖಾರದಪುಡಿ ಹಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಕಣ್ಣಿಗೆ ಹೋದರೆ ಗತಿ? ಇನ್ವರ್ಟರ್, ಚಾರ್ಜರ್ ವೈರನ್ನು ಯಾವ ಆಟಿಕೆಯೂ ಕಾಪಾಡುವುದಿಲ್ಲ, ಅದನ್ನು ಎತ್ತರಕ್ಕೆ ಕಟ್ಟಲೇಬೇಕು.

ಮೊದಲ ಸಲ ಅಂಗಡಿಗೆ ಹೋಗುವವರಿಗೆ ನನ್ನ ಲೆಕ್ಕ ಇಷ್ಟು: ಮರಿಗಾತ್ರದ ಟೊಳ್ಳು ರಬ್ಬರ್ ಎರಡು (ಒಂದು ಬಾಯಲ್ಲಿ, ಒಂದು ಫ್ರಿಜ್ಜಲ್ಲಿ), ಎಳೆದಾಡಲು ಒಂದು ಹಗ್ಗ, ತರಕಾರಿ ಅಂಗಡಿಯಿಂದ ಅರ್ಧ ಕೆಜಿ ಕ್ಯಾರೆಟ್. ಮನೆಯಲ್ಲಿ ಯಾರೂ ಇಲ್ಲದಾಗ ರಬ್ಬರ್ ಒಂದೇ, ಅದೂ ನಿಮ್ಮೆದುರು ಕೆಲವು ದಿನ ಚೂರು ಕೀಳದೆ ಕಡಿದಿದೆ ಅಂತ ನೋಡಿದ ಮೇಲೆ. ಎಲ್ಲವನ್ನೂ ಒಟ್ಟಿಗೆ ನೆಲದ ಮೇಲೆ ಹರಡಬೇಡಿ. ಒಂದನ್ನು ಎತ್ತಿಟ್ಟು ನಾಲ್ಕು ದಿನ ಬಿಟ್ಟು ಕೊಟ್ಟರೆ ಮರಿಗೆ ಅದೇ ಹೊಸದು.

ಡಾಕ್ಟರ ಹತ್ತಿರ ಯಾವಾಗ?

ಆಟದಲ್ಲಿ ಮರಿಯ ಹಲ್ಲು ತಾಗಿ ನಿಮಗೆ ರಕ್ತ ಬಂದರೆ "ಮರಿ ತಾನೇ" ಅಂತ ಸುಮ್ನೆ ಇರಬೇಡಿ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ ಹಾಕುತ್ತಾರೆ, ಅಂದರೆ ತುಂಬಾ ಕಚ್ಚುವ ವಯಸ್ಸಿನಲ್ಲಿ ಎಷ್ಟೋ ಮರಿಗಳಿಗೆ ಲಸಿಕೆ ಆಗಿರುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ಮರಿ ಏನನ್ನೋ ನುಂಗಿದೆ ಅಂತ ಅನುಮಾನವಿದ್ದು, ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟರೆ, ಕಕ್ಕ ಮಾಡಲು ತಿಣುಕಿದರೆ, ಹೊಟ್ಟೆ ಮುಟ್ಟಿದರೆ ಕುಂಯ್ ಅಂದರೆ, ನಾಳೆ ನೋಡೋಣ ಅನ್ನುವುದು ಬೇಡ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಲೇಬೇಡಿ, ಒಳಗೆ ಎಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಿಲ್ಲ. ಮನೆಮದ್ದು ಕೊಟ್ಟು ವಾಂತಿ ಮಾಡಿಸಲೂ ಹೋಗಬೇಡಿ. ಹೊರಡುವಾಗ ಆಟಿಕೆಯ ಉಳಿದ ಚೂರನ್ನು ಒಂದು ಕವರ್‌ನಲ್ಲಿ ಹಾಕಿಕೊಳ್ಳಿ. ರಬ್ಬರ್, ಬಟ್ಟೆಗಳು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೆ ಇರಬಹುದು. ಏನು, ಎಷ್ಟು ದೊಡ್ಡದು ಅಂತ ಡಾಕ್ಟರಿಗೆ ಆ ಚೂರು ನೋಡಿದರೆ ಅಂದಾಜಾಗುತ್ತದೆ.